ಏಳು ಚೌಕಕ್ಕೆ ನಿಲ್ಲುವ ನೀರು

ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟದಲ್ಲಿ ಸಮತಟ್ಟು ನೆಲದ ಮೇಲೆ ನೀರು ಬಿಟ್ಟರೆ ಅದು ಏಳು ಚೌಕ ಹರಿದು ನಿಲ್ಲುತ್ತದೆ. ಇವತ್ತೂ ಏಳು, ನಾಳೆಯೂ ಏಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾದು ಭತ್ತ ಬೆಳೆಯುವ ಸಿಂಧನೂರು ಸೀಮೆಯವರಿಗೆ, ಸಾಲಗುಂದದವರಿಗೆ, ಮಾತು ತಪ್ಪದ ನೀರಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆಟಿಸಂ ಇರುವ ಅನೇಕರಿಗೆ ಈ ಆಟ ಹಿಡಿಸುವುದು ಬಹುಮಟ್ಟಿಗೆ ಹೀಗೆ ಮಾತು ತಪ್ಪದ ನಿಯಮಗಳಿಂದಲೇ. ಹೊರಗಿನ ಲೋಕದ ನಿಯಮಗಳು ಮುಖಚಹರೆಯಲ್ಲಿ, ದನಿಯ ಏರಿಳಿತದಲ್ಲಿ ಅಡಗಿರುತ್ತವೆ. ಇಲ್ಲಿ ವಸ್ತುಗಳಲ್ಲೇ ಇವೆ. ಒಂದು ಇಟ್ಟಿಗೆಯೆಂದರೆ ಒಂದು ಘನ ಮೀಟರ್. ಹಗಲು, ರಾತ್ರಿ ಸೇರಿ 20 ನಿಮಿಷ. ಮರಳು ಕೆಳಗೆ ಬೀಳುತ್ತದೆ, ಕಲ್ಲು ಗಾಳಿಯಲ್ಲೇ ನಿಲ್ಲುತ್ತದೆ. ವಿಚಿತ್ರವೇ, ಆದರೆ ಬದಲಾಗದ ವಿಚಿತ್ರ. ಬರೀ ಕಟ್ಟುವುದಕ್ಕೆಂದೇ ಇರುವ ಕ್ರಿಯೇಟಿವ್ ಮೋಡ್‌ನಲ್ಲಂತೂ ಹಸಿವಿಲ್ಲ, ಸಾಮಗ್ರಿಗೆ ಕೊರತೆಯಿಲ್ಲ, ಗೆಲ್ಲಲೇಬೇಕೆಂಬ ಒತ್ತಡವಿಲ್ಲ. ಅದೇ ಗೋಡೆಯನ್ನು ಹತ್ತು ಸಲ ಕೆಡವಿ ಕಟ್ಟಿದರೂ ಬೈಯುವವರಿಲ್ಲ.

ಬೈಯುವವರು ಬರುವುದು ಆನ್‌ಲೈನಿನಲ್ಲಿ ಇತರರೊಡನೆ ಆಡುವಾಗ. ಅಂಥ ಪೀಡನೆ ಕಂಡೇ ಕೆನಡಾದ ಸ್ಟುವರ್ಟ್ ಡಂಕನ್ 2013ರಲ್ಲಿ ಆಟಿಸಂ ಇರುವವರಿಗೂ ಅವರ ಮನೆಯವರಿಗೂ ಆಟ್‌ಕ್ರಾಫ್ಟ್ ಎಂಬ ಸರ್ವರ್ ತೆರೆದರು. ಅನುಮತಿ ಪಡೆದವರಷ್ಟೇ ಒಳಗೆ. ಡಂಕನ್ ಸ್ವತಃ ಆಟಿಸಂ ಇರುವವರು, ಆಟಿಸಂ ಇರುವ ಮಗನ ತಂದೆ. ಕಣ್ಣಲ್ಲಿ ಕಣ್ಣಿಡುವ ಗೋಜಿಲ್ಲದೆ, ಸೇತುವೆಯೊಂದನ್ನು ಜೊತೆಗೂಡಿ ಕಟ್ಟುತ್ತಲೇ ಗೆಳೆಯರಾಗಬಹುದಾದ ಜಾಗ ಅದು.

ಈ ಆಟ ಔಷಧಿಯಲ್ಲ, ಎಲ್ಲರಿಗೂ ಇಷ್ಟವಾಗಬೇಕೆಂದೂ ಇಲ್ಲ. ಆಟ ನಿಲ್ಲಿಸುವ ಹೊತ್ತಿನ ಜಗಳವೂ ಸುಳ್ಳಲ್ಲ. ಆದರೂ ಫೋನ್ ಕಸಿದುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು, ಏನು ಕಟ್ಟುತ್ತಿದ್ದೀಯ ಎಂದು ಮಗುವನ್ನು ಒಮ್ಮೆ ಕೇಳಿ.