ಹತ್ತಿರದ ವೇಗ: ಎಂಟು ಸಾಲಿಗೆ ವ್ಯಾಖ್ಯಾನ

ಔಟ್‌ರನ್ ಆಟದ ಕೆಂಪು ಕಾರು ಓಡುವುದೇ ಇಲ್ಲ. ಪರದೆಯ ಕೆಳಗಡೆ, ನಡುಮಧ್ಯೆ, ಇದ್ದಲ್ಲೇ ಇರುತ್ತದೆ. ಆಗೀಗ ಎಡಕ್ಕೆ ಬಲಕ್ಕೆ ವಾಲುತ್ತದೆ, ಅಷ್ಟೆ. ಓಡುವುದು ರಸ್ತೆ. 1986ರಲ್ಲಿ ಜಪಾನಿನ ಸೆಗಾ ಕಂಪನಿಯಲ್ಲಿ ಯು ಸುಜುಕಿ ಈ ಆಟ ಕಟ್ಟಿದಾಗ ಆ ಯಂತ್ರಕ್ಕೆ ಘನಾಕೃತಿಗಳ ಲೋಕವನ್ನು ಬಿಡಿಸುವ ತ್ರಾಣ ಇರಲಿಲ್ಲ. ಪರದೆಯ ಒಂದೊಂದು ಅಡ್ಡಗೆರೆಗೂ ರಸ್ತೆ ಇಷ್ಟು ಅಗಲ, ಇಷ್ಟು ಪಕ್ಕಕ್ಕೆ, ಈ ಬಣ್ಣ ಎಂದು ಲೆಕ್ಕ ಹಾಕಿ, ಗೆರೆಯ ಕೆಳಗೆ ಗೆರೆ ಜೋಡಿಸಿ ರಸ್ತೆಯೊಂದಿದೆ ಎಂಬ ನಂಬಿಕೆ ಹುಟ್ಟಿಸಿದರು. ತೆಂಗಿನ ಮರ, ಫಲಕ, ಮುಂದಿನ ಲಾರಿ ಎಲ್ಲವೂ ಚಪ್ಪಟೆ ಚಿತ್ರಗಳು. ಹತ್ತಿರ ಬಂದ ಹಾಗೆಲ್ಲ ಅವನ್ನು ಹಿಗ್ಗಿಸುತ್ತಿದ್ದರು. ಇಷ್ಟರಿಂದಲೇ ಆಡುವವರ ಅಂಗೈ ಬೆವರುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಇಂಥದ್ದೇ ಸಣ್ಣ ಆಟವೊಂದನ್ನು ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು ವೇಗದ ಅಂಕಿಯನ್ನು ಏರಿಸಿದ್ದು. 120 ಇದ್ದದ್ದನ್ನು 300 ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ, “ಕಾರು ನಿಂತೇ ಇದೆಯಲ್ಲ ಮಾಮ” ಅಂದ. ಅವನು ಹೇಳಿದ್ದು ಸರಿಯಾಗಿತ್ತು. ನನ್ನ ರಸ್ತೆಗೆ ಪಟ್ಟೆ ಇರಲಿಲ್ಲ, ಬದಿಯಲ್ಲಿ ಕಂಬ ಇರಲಿಲ್ಲ, ಕ್ಯಾಮೆರಾ ಮಹಡಿಯ ಎತ್ತರದಲ್ಲಿತ್ತು. ಆಮೇಲೆ ತಿಂಗಳುಗಟ್ಟಲೆ ತಿದ್ದುತ್ತಾ ಕಲಿತದ್ದನ್ನು ಎಂಟು ಸಾಲು ಮಾಡಿ ಗೋಡೆಗೆ ಅಂಟಿಸಿಕೊಂಡೆ. ಮೂಲ ಇಷ್ಟು:

ದೂರದ ಬೆಟ್ಟ ಅಲುಗದಿರಲಿ,
ಅಂಚಿನ ಕಂಬ ಹಾರಿಹೋಗಲಿ.
ಕಣ್ಣು ನೆಲದ ಹತ್ತಿರ ಇಳಿಯಲಿ,
ಪಟ್ಟೆ ಎಣಿಕೆಗೆ ಸಿಗುತ್ತಿರಲಿ.
ಕಿವಿಗೆ ಮೊದಲು ಗೊತ್ತಾಗಲಿ,
ದಾರಿಯಲ್ಲೊಬ್ಬ ನಿಧಾನಿ ಸಿಗಲಿ.
ಅಂಕಿ ಕೊನೆಗೆ ಬರಲಿ,
ಆಗಾಗ ಬ್ರೇಕು ಬೀಳಲಿ.

*ದೂರದ ಬೆಟ್ಟ ಅಲುಗದಿರಲಿ*

ವೇಗದ ಮಾತು ಶುರುವಾಗುವುದು ಅಲುಗದ ವಸ್ತುವಿನಿಂದ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಕೂತ ಮಗುವಿಗೆ ಚಂದ್ರ ಜೊತೆಗೇ ಬರುತ್ತಿದ್ದಾನೆ ಅನಿಸುತ್ತದೆ. ಬೇಲಿ ಮಾತ್ರ ಹಿಂದಕ್ಕೆ ಓಡುತ್ತದೆ. ಈ ಎರಡರ ನಡುವಿನ ಅಂತರದಲ್ಲೇ ಕಣ್ಣು ತನ್ನ ಓಟವನ್ನು ಓದಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯ ಬಗ್ಗೆ ಕೆಲಸ ಮಾಡಿ, 1950ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಿಡಿಸಿಟ್ಟರು. ನಾವು ಯಾವ ಬಿಂದುವಿನತ್ತ ಸಾಗುತ್ತೇವೆಯೋ ಆ ಬಿಂದು ನಿಂತಿರುತ್ತದೆ. ಉಳಿದ ಲೋಕವೆಲ್ಲ ಅದರಿಂದ ಚಿಮ್ಮಿ ಹೊರಕ್ಕೆ ಹರಿಯುತ್ತದೆ. ಹರಿವು ಕಾಣಬೇಕಾದರೆ ನಡುವೆ ಒಂದು ನಿಶ್ಚಲ ಬಿಂದು ಬೇಕು. ಔಟ್‌ರನ್‌ನಲ್ಲಿ ನೇರ ರಸ್ತೆಯಿದ್ದಾಗ ದಿಗಂತದ ಚಿತ್ರ ಹಾಗೇ ನಿಂತಿರುತ್ತದೆ, ತಿರುವಿನಲ್ಲಿ ಮಾತ್ರ ಪಕ್ಕಕ್ಕೆ ಜಾರುತ್ತದೆ. ಆ ಜಾರುವಿಕೆಯನ್ನು ತೆಗೆದುಹಾಕಿದರೆ ಕಾರು ತಿರುಗುತ್ತಿದೆ ಅನಿಸುವುದಿಲ್ಲ, ರಸ್ತೆ ಹಾವಿನಂತೆ ಹೊರಳುತ್ತಿದೆ ಅನಿಸುತ್ತದೆ.

*ಅಂಚಿನ ಕಂಬ ಹಾರಿಹೋಗಲಿ*

‘ಅಂಚು’ ಎಂಬುದಕ್ಕೆ ಇಲ್ಲಿ ಎರಡು ಅರ್ಥ. ರಸ್ತೆಯ ಅಂಚೂ ಹೌದು, ಪರದೆಯ ಅಂಚೂ ಹೌದು. ರಸ್ತೆಯ ಅಂಚಿನಲ್ಲಿ ಇರುವುದು ಕೊನೆಗೆ ಪರದೆಯ ಅಂಚಿನಿಂದಲೇ ಆಚೆ ಹೋಗುತ್ತದೆ.

1976ರಲ್ಲಿ ಅಟಾರಿ ಕಂಪನಿಯ ನೈಟ್ ಡ್ರೈವರ್ ಎಂಬ ಆಟ ಬಂತು. ಕಪ್ಪು ಪರದೆ, ಎರಡೂ ಬದಿಗೆ ಬಿಳಿ ಆಯತಗಳ ಸಾಲು, ಅಷ್ಟೇ. ರಸ್ತೆಯನ್ನು ಬಿಡಿಸಿಯೇ ಇಲ್ಲ. ಕಾರು ಪರದೆಯ ಗಾಜಿನ ಮೇಲೆ ಇಟ್ಟ ಪ್ಲಾಸ್ಟಿಕ್ ಚಿತ್ರ. ಇಡೀ ಆಟವೇ ಕಂಬಗಳು. ಆದರೂ ಅದು ಓಡುತ್ತದೆ, ಕತ್ತಲ ಹೆದ್ದಾರಿಯಲ್ಲಿ ಓಡಿದಂತೆಯೇ. ಈ ಸಾಲಿಗೆ ಅದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾರಣ ಸಣ್ಣ ಲೆಕ್ಕದಲ್ಲಿದೆ. ಕಾರು ಗಂಟೆಗೆ 108 ಕಿಲೋಮೀಟರ್ ಓಡುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 30 ಮೀಟರ್. ನಮ್ಮ ದಾರಿಯಿಂದ 4 ಮೀಟರ್ ಪಕ್ಕದಲ್ಲಿ ಒಂದು ಕಂಬ. ಅದು 80 ಮೀಟರ್ ಮುಂದೆ ಇರುವಾಗ ಕಣ್ಣಿಗೆ ಸೆಕೆಂಡಿಗೆ ಸುಮಾರು 1 ಡಿಗ್ರಿಯಷ್ಟೇ ಸರಿಯುತ್ತದೆ. ಅದೇ ಕಂಬ 8 ಮೀಟರ್ ಹತ್ತಿರ ಬಂದಾಗ ಸೆಕೆಂಡಿಗೆ ಸುಮಾರು 86 ಡಿಗ್ರಿಯ ರಭಸದಲ್ಲಿ ಹಾರುತ್ತದೆ. ಕಾರಿನ ವೇಗ ಒಂದಿಷ್ಟೂ ಬದಲಾಗಿಲ್ಲ. ಕಂಬದ ಓಟ ಎಂಬತ್ತು ಪಟ್ಟು ಏರಿತು. ದೂರದಲ್ಲಿ ವೇಗ ಇಲ್ಲ, ಹತ್ತಿರದಲ್ಲಿದೆ. ಈ ಎಂಟೂ ಸಾಲುಗಳ ಬೇರು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ರಿಡ್ಜ್ ರೇಸರ್ ಆಟದಲ್ಲಿ ಸುರಂಗ ಹೊಕ್ಕ ಕೂಡಲೇ ಉಸಿರು ಬಿಗಿಯಾಗುತ್ತದೆ. ಗೋಡೆ ಹತ್ತಿರ ಬಂತು, ತಲೆಯ ಮೇಲೂ ಒಂದು ಅಂಚು ಹುಟ್ಟಿತು.

ಇಲ್ಲಿ ಒಂದು ಶಂಕೆ: ಫಾರ್ಮುಲಾ ಒನ್ ಕಾರುಗಳು 300ರ ಮೇಲೆ ಓಡುತ್ತವೆ, ಟಿವಿಯಲ್ಲಿ ಯಾಕೆ ತೆವಳಿದಂತೆ ಕಾಣುತ್ತವೆ? ಸಮಾಧಾನ: ದೂರದಿಂದ ಎಳೆದು ತೋರಿಸುವ ಲೆನ್ಸಿನಲ್ಲಿ ಅಂಚೇ ಇರುವುದಿಲ್ಲ. ಕಾರು ನೇರ ನಮ್ಮತ್ತ ಬರುತ್ತಿರುತ್ತದೆ, ದೊಡ್ಡದಾಗಲು ಬಹಳ ಹೊತ್ತು ಹಿಡಿಯುತ್ತದೆ. ಆಟ ಕಟ್ಟುವವರು ಇದಕ್ಕೆ ತಿರುಗುಮುರುಗು ಮಾಡುತ್ತಾರೆ. ದಿಢೀರ್ ವೇಗ ಕೊಡುವ ನೈಟ್ರೋ ಗುಂಡಿ ಒತ್ತಿದ ಕ್ಷಣ ನೋಟದ ಕೋನವನ್ನು ಅಗಲಿಸುತ್ತಾರೆ. ಮುಂದಿನದು ಕುಗ್ಗಿ ದೂರ ಸರಿಯುತ್ತದೆ, ಬದಿಯದು ಹಿಗ್ಗಿ ಸೀಳಿಕೊಂಡು ಹೋಗುತ್ತದೆ. ಇದು ಉಪ್ಪಿನ ಹಾಗೆ. ಅಗಲವಾದ ಕೋನವನ್ನೇ ಆಟದುದ್ದಕ್ಕೂ ಇಟ್ಟರೆ ಅರ್ಧ ನಿಮಿಷದಲ್ಲಿ ಅದು ಸಪ್ಪೆ. ಅಗಲವಾಗುತ್ತಿರುವ ಆ ಅರೆಕ್ಷಣದಲ್ಲೇ ಅದರ ರುಚಿ.

*ಕಣ್ಣು ನೆಲದ ಹತ್ತಿರ ಇಳಿಯಲಿ*

ಬೋಯಿಂಗ್ 747 ಬಳಕೆಗೆ ಬಂದ ಹೊಸದರಲ್ಲಿ ಪೈಲಟ್‌ಗಳು ನೆಲದ ಮೇಲೆ ವಿಮಾನವನ್ನು ಬೇಕಾದ್ದಕ್ಕಿಂತ ವೇಗವಾಗಿ ಓಡಿಸುತ್ತಿದ್ದರು. ಅವರ ಆಸನ ಹಿಂದಿನ ವಿಮಾನಗಳಿಗಿಂತ ಬಹಳ ಎತ್ತರದಲ್ಲಿತ್ತು. ಮೇಲಿನಿಂದ ನೋಡಿದಾಗ ನೆಲ ನಿಧಾನವಾಗಿ ಹರಿಯಿತು, ಕೈ ತಾನಾಗಿ ವೇಗ ಹೆಚ್ಚಿಸಿತು. ನೆಲದ ಓಟವನ್ನು ಕಣ್ಣು ಮೀಟರಿನಲ್ಲಿ ಅಳೆಯುವುದಿಲ್ಲ, ತನ್ನದೇ ಎತ್ತರದಲ್ಲಿ ಅಳೆಯುತ್ತದೆ. ಸೆಕೆಂಡಿಗೆ 30 ಮೀಟರ್ ಹೋಗುವಾಗ 1.2 ಮೀಟರ್ ಎತ್ತರದ ಕಣ್ಣಿಗೆ ಅದು ತನ್ನ ಎತ್ತರದ 25 ಪಟ್ಟು; 2.4 ಮೀಟರ್ ಎತ್ತರದ ಕಣ್ಣಿಗೆ ಹನ್ನೆರಡೂವರೆ. ಸರ್ಕಾರಿ ಬಸ್ಸಿನ ಮುಂದಿನ ಸೀಟಿನಲ್ಲಿ 60 ಎಂಬುದು ಮೆರವಣಿಗೆ. ಸ್ಕೂಟರಿನಲ್ಲಿ ಅದೇ 60ಕ್ಕೆ ಕಣ್ಣಲ್ಲಿ ನೀರು.

ಹಾಗಾದರೆ ಕ್ಯಾಮೆರಾವನ್ನು ಬಂಪರಿಗೇ ಕಟ್ಟಿಬಿಡಬಹುದಲ್ಲ? ಕಟ್ಟಬಹುದು, ಬಹಳ ಆಟಗಳಲ್ಲಿ ಆ ಆಯ್ಕೆ ಇದೆ, ಅತಿ ವೇಗ ಅನಿಸುವುದೂ ಅಲ್ಲಿಂದಲೇ. ಆದರೆ ಆಗ ನಮ್ಮ ಕಾರು ನಮಗೆ ಕಾಣುವುದಿಲ್ಲ. ಹಿಂದಿನ ಚಕ್ರ ಜಾರಿ ಕಾರು ಓರೆಯಾಗಿ ತಿರುವು ದಾಟುವ ಚೆಲುವನ್ನು ನೋಡಬೇಕಾದರೆ ಕಾರಿನ ಹಿಂದೆ, ತುಸು ಮೇಲೆ ಇರಲೇಬೇಕು. ನಾನು ಕಾರಿನ ಚಾವಣಿಗಿಂತ ಒಂದು ಗೇಣು ಮೇಲೆ ನಿಲ್ಲಿಸಿದೆ.

*ಪಟ್ಟೆ ಎಣಿಕೆಗೆ ಸಿಗುತ್ತಿರಲಿ*

ಈ ಸಾಲಿನ ಬಳಿ ನಾನು ಅತಿ ಹೆಚ್ಚು ದಿನ ನಿಂತಿದ್ದೇನೆ. ಔಟ್‌ರನ್ ರಸ್ತೆ ಒಂದೇ ಬಣ್ಣದ್ದಲ್ಲ. ತಿಳಿ ಬೂದು, ಗಾಢ ಬೂದು, ಮತ್ತೆ ತಿಳಿ. ಪಕ್ಕದ ಮರಳೂ ಹಾಗೆಯೇ, ಜಮಖಾನೆಯ ಪಟ್ಟೆಗಳಂತೆ. ಮೊದಲು ಇದನ್ನು ಅಲಂಕಾರ ಎಂದುಕೊಂಡಿದ್ದೆ. ಒಂದು ರಾತ್ರಿ ನನ್ನ ಆಟದಲ್ಲಿ ಎರಡೂ ಬೂದುಗಳನ್ನು ಒಂದೇ ಮಾಡಿ ನೋಡಿದೆ. ರಸ್ತೆ ಸತ್ತಿತು. ನಯವಾದ ನೆಲ ಎಷ್ಟೇ ಜೋರಾಗಿ ಹರಿದರೂ ಹಿಡಿಯಲು ಕಣ್ಣಿಗೆ ಏನೂ ಸಿಗುವುದಿಲ್ಲ.

ನೆಲದ ಹರಿವು ಒಂದು, ಗುರುತುಗಳು ದಾಟಿಹೋಗುವ ತಾಳ ಇನ್ನೊಂದು. ಕಣ್ಣು ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತದೆ. ಷಿಕಾಗೋದ ಲೇಕ್ ಶೋರ್ ಡ್ರೈವ್ ರಸ್ತೆಯಲ್ಲಿ ಅಪಾಯದ ತಿರುವೊಂದರ ಮುಂಚೆ ಬಿಳಿ ಅಡ್ಡಪಟ್ಟೆಗಳನ್ನು ಬಳಿದಿದ್ದಾರೆ. ತಿರುವು ಹತ್ತಿರವಾದಂತೆ ಪಟ್ಟೆಗಳ ನಡುವಿನ ಜಾಗ ಕಿರಿದಾಗುತ್ತದೆ. ತಾಳ ಚುರುಕಾಗುತ್ತಿದ್ದಂತೆ ಚಾಲಕನಿಗೆ ತನ್ನ ವೇಗ ಏರುತ್ತಿದೆ ಅನಿಸಿ, ಕಾಲು ಬ್ರೇಕಿಗೆ ಹೋಗುತ್ತದೆ. ಅಲ್ಲಿ ಜೀವ ಉಳಿಸುವುದಕ್ಕೆ ಬಳಸಿದ ಉಪಾಯವೇ ಇಲ್ಲಿ ಎದೆ ಹೊಡೆದುಕೊಳ್ಳುವುದಕ್ಕೆ ಬರುತ್ತದೆ. ಪಟ್ಟೆಗಳನ್ನು ಹತ್ತಿರ ಹತ್ತಿರ ಹಾಕಿ, ಅದೇ ಅಂಕಿಯಲ್ಲಿ ಆಟ ಜೋರಾಗುತ್ತದೆ.

ಆದರೆ ‘ಎಣಿಕೆಗೆ ಸಿಗುತ್ತಿರಲಿ’ ಎಂದಿದೆ, ಗಮನಿಸಿ. ಅತಿಯಾದರೆ ತಾಳ ತಪ್ಪುತ್ತದೆ. ಗಂಟೆಗೆ 293 ಕಿಲೋಮೀಟರ್ ಔಟ್‌ರನ್ ಕಾರಿನ ಗರಿಷ್ಠ ವೇಗ. ಅಂದರೆ ಸೆಕೆಂಡಿಗೆ ಸುಮಾರು 81 ಮೀಟರ್. ಒಂದು ತಿಳಿ ಪಟ್ಟೆ, ಒಂದು ಗಾಢ ಪಟ್ಟೆ, ಜೋಡಿಗೆ 4 ಮೀಟರ್ ಉದ್ದ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾರು 1.36 ಮೀಟರ್ ಸಾಗಿರುತ್ತದೆ. ಪಟ್ಟೆಗಳು ನಮ್ಮತ್ತ ಬರುವುದು ಸ್ಪಷ್ಟವಾಗಿ ಕಾಣುತ್ತದೆ. 30 ಚಿತ್ರಕ್ಕೆ ಇಳಿಸಿದರೆ 2.7 ಮೀಟರ್, ಜೋಡಿಯ ಅರ್ಧಕ್ಕಿಂತ ಹೆಚ್ಚು. ಈಗ ಕಣ್ಣು ಹತ್ತಿರದ ದಾರಿಯನ್ನು ಆರಿಸಿಕೊಂಡು, ಪಟ್ಟೆ 1.3 ಮೀಟರ್ ಹಿಂದಕ್ಕೆ ಸರಿಯಿತು ಎಂದು ಓದಿಕೊಳ್ಳುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಉಲ್ಟಾ ತಿರುಗುವುದನ್ನು ನೋಡಿದವರಿಗೆ ಇದು ಗೊತ್ತು. ಕಾರು ಮುಂದೆ, ರಸ್ತೆಯೂ ಮುಂದೆ! ನನ್ನ ಆಟದಲ್ಲಿ ಇದು ಆದಾಗ ತಪ್ಪು ಎಲ್ಲಿದೆ ಎಂದು ಎರಡು ದಿನ ಹುಡುಕಿದ್ದೆ.

ಸೆಕೆಂಡಿಗೆ 60 ಚಿತ್ರಗಳಿಗಾಗಿ ಆಟ ಕಟ್ಟುವವರು ಯಾಕೆ ಅಷ್ಟು ಹಠ ಹಿಡಿಯುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ. 1998ರಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂದ ಎಫ್-ಝೀರೋ ಎಕ್ಸ್ ಆಟದಲ್ಲಿ 30 ವಾಹನಗಳು ಒಟ್ಟಿಗೆ ಓಡುತ್ತವೆ, 60 ಚಿತ್ರ ತಪ್ಪುವುದಿಲ್ಲ. ಅದಕ್ಕೆ ತೆತ್ತ ಬೆಲೆ ಹಿನ್ನೆಲೆ. ಊರಿಲ್ಲ, ಮರವಿಲ್ಲ, ಬೋಳು ಆಕಾಶದಲ್ಲಿ ಒಂದು ಪಟ್ಟಿಯಂಥ ರಸ್ತೆ. ಚಿತ್ರಗಳನ್ನು ಮಾತ್ರ ನೋಡಿ ಆ ಆಟವನ್ನು ಬಡವೆಂದವರು ಅದನ್ನು ಕೈಯಲ್ಲಿ ಹಿಡಿದು ಆಡಬೇಕು. ನನ್ನ ಮಟ್ಟಿಗೆ ಅದು ಸರಿಯಾದ ತ್ಯಾಗ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಚಿತ್ರದ ಕಪ್ಪು-ಬಿಳುಪಿನ ವ್ಯತ್ಯಾಸವನ್ನು ಇಡಿಯಾಗಿ ತಗ್ಗಿಸಿದರೆ ಅದೇ ಚಲನೆ ನಿಧಾನವೆಂದು ಕಾಣುತ್ತದೆ; ದೃಷ್ಟಿಯ ಪ್ರಯೋಗಗಳಲ್ಲಿ ಇದು ಸಾಬೀತಾಗಿದೆ. ಸೆಗಾದ ಆ ನೀಲಿ ಆಕಾಶ, ಹೊಳೆಯುವ ಮರಳು, ಕೆಂಪು ಕಾರು ಬರೀ ಸಂತೋಷಕ್ಕೆಂದು ಬಂದವಲ್ಲ.

*ಕಿವಿಗೆ ಮೊದಲು ಗೊತ್ತಾಗಲಿ*

ಎಂಜಿನ್ನಿನ ಸ್ವರ ಏರುತ್ತಾ ಹೋಗಬೇಕು, ಆದರೆ ಎಷ್ಟು ದೂರ ಏರೀತು? ಗೇರು ಇರುವುದು ಇದಕ್ಕೆ. ಗೇರು ಬಿದ್ದ ಕೂಡಲೇ ಸ್ವರ ಕೆಳಗಿಳಿದು ಮತ್ತೆ ಏರಲು ಜಾಗ ಸಿಗುತ್ತದೆ. ಔಟ್‌ರನ್‌ನಲ್ಲಿ ಎರಡೇ ಗೇರು, ಸಾಕು. ಸಂಗೀತ ಮಾತ್ರ ಓಡಬೇಕಿಲ್ಲ. ಹೊರಡುವ ಮುಂಚೆ ಕಾರಿನ ರೇಡಿಯೋದಲ್ಲಿ ಆರಿಸಿಕೊಳ್ಳುವ ಹಿರೋಷಿ ಕವಾಗುಚಿಯ ಮೂರು ರಾಗಗಳಲ್ಲಿ ‘ಪಾಸಿಂಗ್ ಬ್ರೀಝ್’ ಆರಾಮಾಗಿ ತೇಲುತ್ತದೆ, ಆದರೂ ಕಾರಿನ ಓಟ ಕುಗ್ಗುವುದಿಲ್ಲ. ಓಟದ ಭಾರ ಹೊತ್ತಿರುವುದು ಎಂಜಿನ್ನು, ಟೈರಿನ ಚೀತ್ಕಾರ, ಪಕ್ಕದ ಲಾರಿಯನ್ನು ದಾಟುವಾಗ ಸುಂಯ್ಯೆಂದು ಬಂದು ಹೋಗುವ ಸದ್ದು.

*ದಾರಿಯಲ್ಲೊಬ್ಬ ನಿಧಾನಿ ಸಿಗಲಿ*

ಎಲ್ಲರೂ 290ರಲ್ಲಿ ಓಡಿದರೆ ಯಾರೂ ಓಡಿದಂತಲ್ಲ. ಹೋಲಿಕೆಗೆ ತನ್ನ ಪಾಡಿಗೆ ಹೋಗುವ ಒಬ್ಬ ಬೇಕು. ಅವನು ಎದುರಿನಿಂದ ಬಂದರೆ ಇನ್ನೂ ಬಲ: ನಾನು 200, ಅವನು 100, ಒಂದೇ ದಿಕ್ಕಿನಲ್ಲಿದ್ದರೆ ಅಂತರ ಕರಗುವುದು 100ರಲ್ಲಿ, ಎದುರಾದರೆ 300ರಲ್ಲಿ. ಇಂಗ್ಲೆಂಡಿನ ಕ್ರೈಟೀರಿಯನ್ ಸಂಸ್ಥೆಯ ಬರ್ನೌಟ್ ಸರಣಿ ಇದನ್ನು ಆಟದ ನಿಯಮವನ್ನಾಗಿಯೇ ಮಾಡಿತು. ಎದುರು ವಾಹನಗಳ ಸಾಲಿನಲ್ಲಿ ನುಗ್ಗಿದರೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡರೆ, ಬೂಸ್ಟ್ ತುಂಬುತ್ತದೆ. ಅಪಾಯದ ಹತ್ತಿರ ಹೋದವರಿಗೆ ಹೆಚ್ಚು ವೇಗ. ಇಲ್ಲಿ ಹತ್ತಿರ ಎಂಬುದು ಕಣ್ಣಿನ ಲೆಕ್ಕವನ್ನು ದಾಟಿ ಹೊಟ್ಟೆಯೊಳಗಿನ ತಳಮಳವಾಗುತ್ತದೆ. ಬೇರೆಲ್ಲ ಸಾಲುಗಳು ವೇಗವನ್ನು ತೋರಿಸುತ್ತವೆ. ಈ ಸಾಲು, ತಪ್ಪಿಸಿಕೊಳ್ಳಲು ಉಳಿದಿರುವ ಸಮಯ ಎಷ್ಟೆಂದು ಬೆರಳಿಗೆ ತಿಳಿಸುತ್ತದೆ.

*ಅಂಕಿ ಕೊನೆಗೆ ಬರಲಿ*

ಅದೇ ಎಫ್-ಝೀರೋ ಸರಣಿಯ ಜಿಎಕ್ಸ್ ಆಟದ ಅಂಕಿ ಗಂಟೆಗೆ 1000 ಕಿಲೋಮೀಟರ್ ದಾಟುತ್ತದೆ. ನೈಟ್ ಡ್ರೈವರ್ ಅದರ ಹತ್ತಿರಕ್ಕೂ ಬರುವುದಿಲ್ಲ, ಕತ್ತಲಲ್ಲಿ ಕಂಬ ತಾಗಿಬಿಡುತ್ತದೆಂಬ ಭಯ ಮಾತ್ರ ಅಷ್ಟೇ ನಿಜ. ಅಂಕಿ ಬರೆಯಿರಿ, ಬೇರೆಲ್ಲ ಆದ ಮೇಲೆ.

*ಆಗಾಗ ಬ್ರೇಕು ಬೀಳಲಿ*

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ಸಮನೆ 100ರಲ್ಲಿ ಬಂದು ಊರೊಳಗೆ ತಿರುಗಿದಾಗ 40 ಎಂಬುದು ನಡಿಗೆಯಂತೆ ಅನಿಸುತ್ತದೆ. ಕಣ್ಣು ಯಾವ ಓಟಕ್ಕೂ ಬೇಗ ಒಗ್ಗಿಕೊಳ್ಳುತ್ತದೆ, ಒಗ್ಗಿದ್ದನ್ನು ಸುಮ್ಮನಿರುವಿಕೆ ಎಂದೇ ಎಣಿಸುತ್ತದೆ. ಆದ್ದರಿಂದ ಆಟದ ರಸ್ತೆ ಬಾಗಬೇಕು, ಕವಲೊಡೆಯಬೇಕು, ಉಬ್ಬಿನ ಮೇಲೆ ಹತ್ತಿ ಮುಂದಿನದನ್ನು ಮರೆಮಾಡಬೇಕು. ರಸ್ತೆ ಬಿಟ್ಟು ಬದಿಗಿಳಿದರೆ ಕಾರು ಹೂತಂತೆ ನಿಧಾನವಾಗಬೇಕು. ಕಳೆದುಕೊಂಡ ವೇಗವನ್ನು ಮತ್ತೆ ಗಳಿಸುವ ನಾಲ್ಕು ಸೆಕೆಂಡುಗಳಲ್ಲಿ ಆಟಗಾರ ಅದನ್ನು ಹೊಸದಾಗಿ ಅನುಭವಿಸುತ್ತಾನೆ.

ಔಟ್‌ರನ್‌ನಲ್ಲಿ ಬಲವಾಗಿ ಡಿಕ್ಕಿ ಹೊಡೆದರೆ ಕಾರು ಪಲ್ಟಿಯಾಗುತ್ತದೆ, ಅದರೊಳಗಿದ್ದ ಇಬ್ಬರೂ ರಸ್ತೆಗೆ ಬೀಳುತ್ತಾರೆ. ಎಂಜಿನ್ನಿನ ಸದ್ದಿಲ್ಲ, ಪಟ್ಟೆಗಳು ನಿಂತಿವೆ. ಆಗ, ಇಡೀ ಆಟದಲ್ಲಿ ಮೊದಲ ಸಲ, ಪಕ್ಕದ ತೆಂಗಿನ ಮರವನ್ನು ನೋಡಲು ಸಮಯ ಸಿಗುತ್ತದೆ. ಹತ್ತಿರದಿಂದ ಅದು ಹಂಚಿನಷ್ಟು ದಪ್ಪ ದಪ್ಪ ಬಣ್ಣದ ಚೌಕಗಳು, ಕಾಗದದಂತೆ ಚಪ್ಪಟೆ.