ಹೇಳುವವರು, ಕೇಳುವವರು

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಮುಖಗಳಿವೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ತರಗತಿಯಲ್ಲಿ ಇದನ್ನು ನಾನಾರ್ಥಕ್ಕೆ ಒಂದು ಉದಾಹರಣೆಯೆಂದು ಹೇಳಿ ಮುಂದೆ ಸಾಗುವುದು ನಮ್ಮಂಥ ಅಧ್ಯಾಪಕರ ವಾಡಿಕೆ. ಆದರೆ ಮನಸ್ಸಿನ ಚಿಕಿತ್ಸೆಯ ಕೋಣೆಯಲ್ಲಿ ಯಂತ್ರವೂ ಒಂದು ಕುರ್ಚಿ ಹಾಕಿಕೊಂಡು ಕುಳಿತಿರುವ ಈ ಕಾಲದಲ್ಲಿ, ಆ ಒಂದು ಮಾತಿನೊಳಗೆ ದೊಡ್ಡ ವಿವೇಕವೇ ಅಡಗಿದೆಯೆಂದು ನನಗೆ ತೋರುತ್ತದೆ. ‘ಆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ’ ಎನ್ನುತ್ತೇವಲ್ಲ, ಅಲ್ಲಿ ಮಾತಿಗೆ ಬರ ಬಂದಿದೆಯೆಂದು ಅರ್ಥವಲ್ಲ. ಹೊಣೆ ಹೊರುವವರಿಲ್ಲವೆಂದು ಅರ್ಥ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದ್ದು ಜೋಸೆಫ್ ವೈಜೆನ್‌ಬಾಮ್ ಅವರು 1976ರಲ್ಲಿ ಪ್ರಕಟಿಸಿದ ‘ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್’ ಎಂಬ ಗ್ರಂಥ. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ 1936ರಲ್ಲಿ ಮನೆಯವರೊಡನೆ ಅಮೆರಿಕ ಸೇರಿದ ಈ ಯೆಹೂದಿ ಬಾಲಕ, ಮುಂದೆ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ಶಾಸ್ತ್ರದ ಪ್ರಾಧ್ಯಾಪಕನಾದ. 1966ರಲ್ಲಿ ಅವರು ಒಂದು ವಿನೋದದ ಯಂತ್ರಕ್ರಮವನ್ನು ಲೋಕದ ಮುಂದಿಟ್ಟರು. ಬರ್ನಾರ್ಡ್ ಷಾ ಅವರ ‘ಪಿಗ್ಮಾಲಿಯನ್’ ನಾಟಕದ ನಾಯಕಿಯ ಹೆಸರನ್ನೇ ಅದಕ್ಕಿಟ್ಟರು: ಎಲಿಜಾ. ಕುಳಿತವರು ತಮ್ಮ ಸಂಕಟವನ್ನು ಬೆರಳಚ್ಚಿನಲ್ಲಿ ಹೇಳಬೇಕು. ಯಂತ್ರವು ಮನೋವೈದ್ಯನಂತೆ ಉತ್ತರ ಕೊಡುತ್ತದೆ. ಒಳಗಿನ ಗುಟ್ಟು ತೀರ ಸರಳ. ಹೇಳಿದ ವಾಕ್ಯದಲ್ಲಿ ಕೆಲವು ಪದಗಳನ್ನು ಹುಡುಕುವುದು, ‘ನಾನು’ ಎಂಬುದನ್ನು ‘ನೀನು’ ಎಂದು ತಿರುಗಿಸುವುದು, ವಾಕ್ಯವನ್ನು ಪ್ರಶ್ನೆಯಾಗಿಸಿ ಮರಳಿ ಒಪ್ಪಿಸುವುದು. ತಾಯಿಯ ಹೆಸರು ಬಂದರೆ ‘ಮನೆಯವರ ವಿಷಯ ಇನ್ನಷ್ಟು ಹೇಳಿ’ ಎಂಬ ಸಿದ್ಧ ಉತ್ತರ. ಏನೂ ಹೊಳೆಯದಿದ್ದರೆ ‘ಮುಂದೆ ಹೇಳಿ’.

ಈ ಆಟವನ್ನು ಜನ ಆಟವೆಂದು ಬಗೆಯಲಿಲ್ಲ. ಯಂತ್ರ ಸಿದ್ಧವಾಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ವೈಜೆನ್‌ಬಾಮ್‌ರ ಕಾರ್ಯದರ್ಶಿನಿಯೇ, ಅದರೊಡನೆ ನಾಲ್ಕು ಮಾತು ಆಡುವಷ್ಟರಲ್ಲಿ, ‘ತಾವು ಸ್ವಲ್ಪ ಹೊರಗಿರುತ್ತೀರಾ’ ಎಂದು ಅವರನ್ನು ಬೇಡಿಕೊಂಡಳಂತೆ. ಕೆನೆತ್ ಕಾಲ್ಬಿ ಎಂಬ ಮನೋವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಥದೇ ಯಂತ್ರಕ್ರಮದಿಂದ ಒಂದು ಗಂಟೆಗೆ ನೂರಾರು ರೋಗಿಗಳನ್ನು ನೋಡಬಹುದೆಂದು ಸಂಗಾತಿಗಳೊಡನೆ ಪ್ರಬಂಧವನ್ನೇ ಬರೆದರು. ವೈಜೆನ್‌ಬಾಮ್‌ರಿಗೆ ಆಘಾತವಾದದ್ದು ಯಂತ್ರದ ಜಾಣತನದಿಂದಲ್ಲ. ತನ್ನ ವೃತ್ತಿಯನ್ನು ಇಷ್ಟು ಹಗುರವಾಗಿ ಬಿಟ್ಟುಕೊಡಲು ಒಬ್ಬ ವೈದ್ಯ ಸಿದ್ಧನಾದನಲ್ಲ, ಅದರಿಂದ.

ಎಲಿಜಾ ಕನ್ನಡದಲ್ಲಿ ಹುಟ್ಟಿದ್ದರೆ ಅದರ ಬಣ್ಣ ಬೇಗ ಬಯಲಾಗುತ್ತಿತ್ತೆಂದು ನನ್ನ ಊಹೆ. ಒಬ್ಬ ಹುಡುಗಿ ‘ನಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ’ ಎನ್ನುತ್ತಾಳೆ. ಯಂತ್ರವು ಅದನ್ನೇ ತಿರುಗಿಸಿ ‘ನಿಮ್ಮಮ್ಮ ನಿಮ್ಮ ಜೊತೆ ಮಾತು ಬಿಟ್ಟಿದ್ದಾಳೆಯೆ?’ ಎಂದರೆ ಹುಡುಗಿಗೆ ಚುರುಕ್ಕೆನ್ನುತ್ತದೆ. ಮಗಳು ಸಲಿಗೆಯಿಂದಲೋ ಸಿಟ್ಟಿನಿಂದಲೋ ತಾಯಿಯನ್ನು ‘ಅವಳು’ ಎನ್ನಬಹುದು; ಹೊರಗಿನವರು ‘ಅವರು’ ಎನ್ನಬೇಕು. ಆ ಹುಡುಗಿಯನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ, ‘ಹೇಳಿ’ ಎನ್ನಬೇಕೋ ‘ಹೇಳಮ್ಮಾ’ ಎನ್ನಬೇಕೋ, ಅದನ್ನೂ ಮೊದಲೇ ನಿಶ್ಚಯಿಸಬೇಕು. ಎಂದರೆ ನಮ್ಮ ಭಾಷೆಯಲ್ಲಿ ಬರಿಯ ಪ್ರತಿಧ್ವನಿಯಾಗಿ ಉಳಿಯಲು ಅವಕಾಶವಿಲ್ಲ. ಕೇಳುವವನು ಮೊದಲು ತನ್ನ ಸ್ಥಾನವನ್ನು ಒಪ್ಪಿಕೊಳ್ಳಬೇಕು. ‘ಕೌನ್ಸೆಲಿಂಗ್’ ಎಂಬುದಕ್ಕೆ ನಮ್ಮವರು ‘ಆಪ್ತಸಲಹೆ’ ಎಂಬ ಮಾತನ್ನು ಕಟ್ಟಿದಾಗ ಈ ಅರಿವೇ ಅವರಲ್ಲಿ ಕೆಲಸ ಮಾಡಿರಬೇಕು. ಮೂಲದ ಮಾತಿನಲ್ಲಿ ಇಲ್ಲದ ‘ಆಪ್ತ’ ಇಲ್ಲಿ ಬಂದು ಸೇರಿದೆ.

ಇನ್ನು ಗ್ರಂಥದ ವಾದ. ಯಂತ್ರದಿಂದ ಏನೇನು ಸಾಧ್ಯ ಎಂಬುದು ಒಂದು ಪ್ರಶ್ನೆ, ಯಂತ್ರದ ಕೈಗೆ ಏನನ್ನು ಒಪ್ಪಿಸಬಾರದು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಎಂಜಿನಿಯರಿಂಗಿನಿಂದ ದೊರೆಯುವುದಿಲ್ಲ ಎಂದು ವೈಜೆನ್‌ಬಾಮ್ ಸಾಧಿಸುತ್ತಾರೆ. ಲೆಕ್ಕ ಹಾಕಿ ನಿರ್ಧರಿಸುವುದು ಬೇರೆ, ಬಾಳಿ ಬದುಕಿದ ಜೀವವೊಂದು ತೂಗಿ ನೋಡಿ ಆರಿಸಿಕೊಳ್ಳುವುದು ಬೇರೆ ಎಂಬುದು ಅವರ ನೆಲೆ. ಪ್ರಕಟವಾದ ವರ್ಷವೇ ಜಾನ್ ಮೆಕಾರ್ಥಿಯಂಥ ದೊಡ್ಡ ಯಂತ್ರಶಾಸ್ತ್ರಜ್ಞರು ಇದೊಂದು ವಿವೇಚನೆಯಿಲ್ಲದ ಪುಸ್ತಕವೆಂದು ಕಟುವಾಗಿ ವಿಮರ್ಶಿಸಿದರು; ಬರಿಯ ನೀತಿಬೋಧೆ ಎಂದರು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಪ್ರವಾದಿಯ ಸಿಟ್ಟು ಕೆಲವೆಡೆ ವಾದದ ಕೈಹಿಡಿದು ಎಳೆದಾಡುತ್ತದೆ. ಆದರೆ ನನ್ನ ದೂರು ಬೇರೆ. ಕೇಳುವವರೇ ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ವೈಜೆನ್‌ಬಾಮ್ ಸಾಕಷ್ಟು ಕೇಳಿಕೊಳ್ಳುವುದಿಲ್ಲ. ವೈದ್ಯರು ಬೇಕಾದಷ್ಟಿರುವ ಊರಿನಿಂದ ಬರೆಯುವವರಿಗೆ ಆ ಪ್ರಶ್ನೆ ಹೊಳೆಯುವುದು ಕಷ್ಟ.

ನಮ್ಮಲ್ಲಿ ಅದೇ ಮೊದಲ ಪ್ರಶ್ನೆ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮನೋರೋಗಗಳಿಂದ ಬಳಲುವವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ಕಂಡುಬಂತು. ಇಂಥ ನಾಡಿನಲ್ಲಿ ನಿಂತು ಯಂತ್ರವನ್ನು ಬರಿಯ ಬಾಯಿಮಾತಿನಲ್ಲಿ ಹಳಿಯುವುದು ಹೊಟ್ಟೆ ತುಂಬಿದವನು ಉಪವಾಸದ ಮಹಿಮೆ ಹೇಳಿದಂತೆ.

ಮನಶ್ಶಾಸ್ತ್ರಕ್ಕೂ ಯಂತ್ರಕ್ಕೂ ಹಗೆತನವೇನೂ ಇಲ್ಲ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. ಅಮೆರಿಕದ ಕಾರ್ಲ್ ರೋಜರ್ಸ್ ಅವರು ಆಪ್ತಸಲಹೆಯ ಸಂಭಾಷಣೆಗಳನ್ನು ಧ್ವನಿಮುದ್ರಿಕೆಯ ತಟ್ಟೆಗಳ ಮೇಲೆ ಹಿಡಿದು, 1942ರ ತಮ್ಮ ಗ್ರಂಥದಲ್ಲಿ ಒಂದು ಪ್ರಕರಣವನ್ನು ಆದಿಯಿಂದ ಅಂತ್ಯದವರೆಗೆ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಕೆಲಸ ಮೊದಲ ಬಾರಿಗೆ ಪರೀಕ್ಷೆಗೆ ಒಳಗಾಯಿತು. ರೋಗಿಯ ಮಾತಷ್ಟೇ ಅಲ್ಲದೆ ಕೇಳುವವನ ಮಾತೂ ತಕ್ಕಡಿಗೆ ಬಿತ್ತು. ಹೇಳಿದವರ ಭಾವವನ್ನು ಗ್ರಹಿಸಿ ಅವರಿಗೇ ಮರಳಿ ತೋರಿಸುವುದು ರೋಜರ್ಸ್‌ರ ಪದ್ಧತಿ. ಎಲಿಜಾ ಅಣಕಿಸಿದ್ದು ಈ ಪದ್ಧತಿಯನ್ನೇ. ಒಂದು ಯಂತ್ರ ಕೇಳುವವನನ್ನು ಹೊಣೆಗಾರನನ್ನಾಗಿ ಮಾಡಿತು, ಇನ್ನೊಂದು ಅವನನ್ನೇ ಕೈಬಿಟ್ಟಿತು. ಹೊಸ ಸಲಕರಣೆ ಯಾವುದೇ ಬರಲಿ, ಅದು ಈ ಎರಡರಲ್ಲಿ ಯಾವ ವಂಶದ್ದೆಂದು ನೋಡುವುದು ಒಳ್ಳೆಯ ಒರೆಗಲ್ಲೆಂದು ನನ್ನ ಅಭಿಪ್ರಾಯ.

ಈ ಒರೆಗಲ್ಲಿಗೆ ಈಚಿನ ಒಂದೆರಡು ನಿದರ್ಶನಗಳನ್ನು ಉಜ್ಜಿ ನೋಡೋಣ. ಮನಶ್ಶಾಸ್ತ್ರಜ್ಞೆ ಅಲಿಸನ್ ಡಾರ್ಸಿ ಅವರು 2017ರಲ್ಲಿ ‘ವೋಬಾಟ್’ ಎಂಬ ಸಂಭಾಷಣೆಯ ಯಂತ್ರವನ್ನು ಹೊರತಂದರು. ಅದರ ಉತ್ತರಗಳು ಬಹುಮಟ್ಟಿಗೆ ಬಲ್ಲವರು ಮೊದಲೇ ಬರೆದಿಟ್ಟವು. ಆ ವರ್ಷ 70 ಮಂದಿ ತರುಣ ತರುಣಿಯರ ಮೇಲೆ ಎರಡು ವಾರ ನಡೆಸಿದ ಪ್ರಯೋಗದಲ್ಲಿ, ಬರಿಯ ಪುಸ್ತಕ ಓದಿದವರಿಗಿಂತ ಯಂತ್ರದೊಡನೆ ಮಾತಾಡಿದವರಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವೆಂದು ಕಂಡುಬಂತು. ಪ್ರಯೋಗ ಚಿಕ್ಕದು, ಯಂತ್ರದ ಒಡತಿಯೇ ಬರೆದವರಲ್ಲಿ ಒಬ್ಬರು ಎಂಬುದನ್ನು ಮರೆಯಬಾರದು. ಆದರೂ ಫಲವನ್ನು ಇಲ್ಲವೆನ್ನಲಾಗದು. ಅದೇ ವೋಬಾಟ್ 2025ರ ಜೂನ್ 30ರಂದು ಬಾಗಿಲು ಹಾಕಿತು. ವೈದ್ಯರು ಊರು ಬಿಡುವಾಗ ತಮ್ಮ ರೋಗಿಯನ್ನು ಇನ್ನೊಬ್ಬ ವೈದ್ಯರ ಕೈಗೆ ಒಪ್ಪಿಸಿ ಹೋಗುತ್ತಾರೆ. ಯಂತ್ರ ಎದ್ದು ಹೋಗುವಾಗ ಹಾಗೆ ಕೈಯಿಂದ ಕೈಗೆ ಒಪ್ಪಿಸುವ ಸಂಬಂಧವೇ ಅಲ್ಲಿರುವುದಿಲ್ಲ.

2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಮತ್ತು ಅದರ ಸಂಗಡಿಗರು ಎಲಿಜಾಳಂತೆ ಪೆದ್ದರಲ್ಲ. ಕನ್ನಡದಲ್ಲಿಯೂ ಉತ್ತರ ಕೊಡುತ್ತವೆ. ‘ನಿಮ್ಮಮ್ಮ ಮಾತು ಬಿಟ್ಟಿದ್ದಾರೆಯೆ?’ ಎಂದು ಬಹುವಚನ ತಪ್ಪದೆ ವಿಚಾರಿಸಬಲ್ಲವು. ನಡುರಾತ್ರಿಯಲ್ಲಿ, ಕಾಸಿಲ್ಲದೆ, ನಾಚಿಕೆಯಿಲ್ಲದೆ ಮನಸ್ಸು ಬಿಚ್ಚಲು ಒಂದು ಜಾಗ ದೊರೆತರೆ ಹಾಸ್ಟೆಲಿನ ಹುಡುಗ ಅಲ್ಲಿಗೆ ಹೋಗುವುದು ಸಹಜ. ಬರಿಯ ಮಾತಿನ ಸೊಗಸನ್ನು ನೋಡಿ ಅಂಕ ಕೊಡುವುದಾದರೆ ಯಂತ್ರವೇ ಅನೇಕ ಸಲ ಮನುಷ್ಯನನ್ನು ಮೀರಿಸೀತು. ಅದಕ್ಕೆ ಆಯಾಸವಿಲ್ಲ, ಆಕಳಿಕೆಯಿಲ್ಲ. ಆದರೆ ಆ ಬಹುವಚನದ ಹಿಂದೆ ಇರಬೇಕಾದ ಸ್ಥಾನ ಖಾಲಿ. ಆ ಹುಡುಗ ನಾಳೆ ತರಗತಿಗೆ ಬಾರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಅದು ಹುಡುಕಿಕೊಂಡು ಹೋಗುವುದಿಲ್ಲ. ಅವನು ಸಾಯುವ ಮಾತನಾಡಿ ಸುಮ್ಮನಾದರೆ, ಬಾಗಿಲು ಬಡಿಯಲು ಅದಕ್ಕೆ ಕೈಯಿಲ್ಲ, ಬಡಿಯಲಿಲ್ಲವಲ್ಲ ಎಂದು ನಿದ್ದೆಗೆಡಲು ಎದೆಯಿಲ್ಲ. ಅಮೆರಿಕದ ಇಲಿನಾಯ್ ರಾಜ್ಯವು 2025ರ ಆಗಸ್ಟಿನಲ್ಲಿ ಯಂತ್ರವೇ ಚಿಕಿತ್ಸಕನಾಗುವುದನ್ನು ಕಾನೂನಿನಿಂದ ತಡೆದು, ಚಿಕಿತ್ಸಕನ ಕಚೇರಿ ಕೆಲಸಕ್ಕೆ ನೆರವಾಗಲು ಮಾತ್ರ ಬಿಟ್ಟಿತು. ವೈಜೆನ್‌ಬಾಮ್‌ರ ನೀತಿಬೋಧೆ ಅರ್ಧ ಶತಮಾನದ ಬಳಿಕ ಶಾಸನವಾದಂತಾಯಿತು.

ತಡೆಯಷ್ಟೇ ಸಾಲದು, ಬದಲಿ ದಾರಿ ಬೇಕು. ನಿಮ್ಹಾನ್ಸ್‌ನ ನೇತೃತ್ವದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ನನಗೆ ಮೆಚ್ಚುಗೆಯಾಗುವುದು ಈ ಕಾರಣಕ್ಕೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಅಲ್ಲಿಯೂ ಯಂತ್ರವಿದೆ, ಆದರೆ ಅದು ತಂತಿಯ ಕೆಲಸ ಮಾಡುತ್ತದೆ, ಕಿವಿಯ ಕೆಲಸ ಮಾಡುವುದಿಲ್ಲ. ತಂತಿಯ ಆ ಕಡೆ ತರಬೇತಿ ಪಡೆದ ಒಬ್ಬ ಮನುಷ್ಯರಿದ್ದಾರೆ. ಅವರಿಗೆ ಮೀರಿದರೆ ಮನೋವೈದ್ಯರ ಬಳಿಗೆ ದಾಟಿಸುವ ಏರ್ಪಾಡಿದೆ.

ವೈಜೆನ್‌ಬಾಮ್‌ರ ಪುಸ್ತಕ ಬಂದ 1976ರಲ್ಲಿಯೇ ನಮ್ಮ ‘ರಾಶಿ’, ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ‘ಕೊರವಂಜಿ’ಯಲ್ಲಿ ನಾಡನ್ನು ನಗಿಸಿದ ವೈದ್ಯರೇ ಮನೋರೋಗದ ವಿಷಯವನ್ನು ಕನ್ನಡದಲ್ಲಿ ಬರೆದರು ಎಂಬುದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ. ನಗುವುದೂ ಮರುಗುವುದೂ ಬಲ್ಲವರ ಮುಂದೆ ಮಾತ್ರ ಮನಸ್ಸಿನ ಗಂಟು ಸಡಿಲವಾಗುತ್ತದೆ. ವೈಜೆನ್‌ಬಾಮ್‌ರ ಗ್ರಂಥವನ್ನು ಯಂತ್ರ ಕಟ್ಟುವವರು ಓದಲಿ. ಅದಕ್ಕಿಂತ ಹೆಚ್ಚಾಗಿ ನಮ್ಮಂಥ ಅಧ್ಯಾಪಕರು, ತಂದೆತಾಯಿಗಳು ಓದಬೇಕು. ಮಕ್ಕಳು ಯಂತ್ರಕ್ಕೆ ಹೇಳಿಕೊಳ್ಳುವ ಮುನ್ನ ಬಹುಶಃ ನಮಗೆ ಹೇಳಲು ಒಮ್ಮೆ ಬಾಯಿ ತೆರೆದಿರುತ್ತಾರೆ. ಆಗ ನಾವು ಮಾರ್ಕ್ಸು ಎಷ್ಟೆಂದು ಕೇಳುತ್ತಿರುತ್ತೇವೆ.