ಮುಕ್ತಾಯದ ಹೊಣೆ

ಕಥೆಯೊಂದನ್ನು ವರ್ಷಗಟ್ಟಲೆ ಹಿಂಬಾಲಿಸಿ ಬಂದವರು ಅದರ ಕೊನೆಯನ್ನು ಕಂಡು ಅತೃಪ್ತರಾದರೆ ಕಥೆಗಾರನ ಕರ್ತವ್ಯವೇನು? ಜನರ ಮನಸ್ಸು ತಣಿಯುವಂತೆ ಅವನು ಕೊನೆಯನ್ನು ತಿದ್ದಬೇಕೇ ಅಥವಾ ಹೇಳಿದ್ದೇ ಸರಿಯೆಂದು ಸುಮ್ಮನಿರಬೇಕೇ? ಮೇಲ್ನೋಟಕ್ಕೆ ಇದು ಮನರಂಜನೆಯ ವ್ಯಾಪಾರಕ್ಕೆ ಸೇರಿದ ವಿಷಯ. ಒಳಹೊಕ್ಕು ನೋಡಿದರೆ ಇದು ಕೊಟ್ಟ ಮಾತು ಮತ್ತು ಪಡೆದ ವಿಶ್ವಾಸಗಳ ಪ್ರಶ್ನೆ. ಮೂರು ನಿದರ್ಶನಗಳು ಇಲ್ಲಿ ವಿಚಾರಾರ್ಹವಾಗಿವೆ.

ಮೊದಲನೆಯದು ಇಂಗ್ಲೆಂಡಿನದು. ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್‌ನಿಗೆ ಕಾಲಕ್ರಮದಲ್ಲಿ ಆ ಪಾತ್ರವೇ ಹೊರೆಯಾಯಿತು. ತನ್ನ ಐತಿಹಾಸಿಕ ಕಾದಂಬರಿಗಳೇ ಹೆಚ್ಚಿನ ಬೆಲೆಯುಳ್ಳವೆಂಬುದು ಅವನ ಎಣಿಕೆಯಾಗಿತ್ತು. 1893ರ ಡಿಸೆಂಬರ್ ತಿಂಗಳ ‘ಸ್ಟ್ರ್ಯಾಂಡ್’ ಪತ್ರಿಕೆಯ ಕಥೆಯಲ್ಲಿ ಹೋಮ್ಸ್ ತನ್ನ ವೈರಿ ಮೊರಿಯಾರ್ಟಿಯೊಡನೆ ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಬಿದ್ದು ಮಡಿದನೆಂದು ಬರೆದು ಡಾಯ್ಲ್ ಕೈತೊಳೆದುಕೊಂಡನು. ಓದುಗರು ಕೆರಳಿದರು, ಆಕ್ಷೇಪಣೆಯ ಪತ್ರಗಳು ಬಂದವು. ಆದರೂ ಡಾಯ್ಲ್ ಹಲವು ವರ್ಷ ಬಗ್ಗಲಿಲ್ಲ. 1901ರಲ್ಲಿ ಹೋಮ್ಸ್‌ನ ಮರಣಕ್ಕೆ ಹಿಂದಿನದೆಂಬಂತೆ ಒಂದು ಕಾದಂಬರಿಯನ್ನು ಧಾರಾವಾಹಿಯಾಗಿ ಆರಂಭಿಸಿದನು. 1903ರಲ್ಲಿ ಹೋಮ್ಸ್‌ನನ್ನು ಬದುಕಿಸಿಯೇ ಬಿಟ್ಟನು. ಓದುಗರ ಒತ್ತಾಯದ ಜೊತೆಗೆ ಪ್ರಕಾಶಕರ ಧನವೂ ಇದಕ್ಕೆ ಕಾರಣವಾಗಿತ್ತು.

ಓದುಗರು ಹಿಗ್ಗಿದರು. ಆದರೆ ಈ ಪುನರಾಗಮನದ ಬೆಲೆಯನ್ನು ತೆತ್ತವನು ಕಥೆಯೊಳಗಿನ ವಾಟ್ಸನ್. ಮೂರು ವರ್ಷ ಮಿತ್ರನು ಸತ್ತನೆಂದೇ ನಂಬಿ ಅವನು ದುಃಖಿಸಿದ್ದನು. ತಾನು ಬದುಕಿರುವ ಸುದ್ದಿಯನ್ನು ಹೋಮ್ಸ್ ತನ್ನ ಅಣ್ಣನಿಗೆ ಮಾತ್ರ ತಿಳಿಸಿ, ಪರಮಮಿತ್ರನಿಂದ ಮುಚ್ಚಿಟ್ಟಿದ್ದನು. ಮರಳಿ ಬಂದ ಗೆಳೆಯನನ್ನು ಕಂಡ ವಾಟ್ಸನ್ ಮೂರ್ಛೆ ಹೋಗುತ್ತಾನೆ. ಎಚ್ಚೆತ್ತ ಮೇಲೆ ಒಂದು ಕಟುನುಡಿಯನ್ನೂ ಆಡದೆ ಸಂತೋಷಪಡುತ್ತಾನೆ. ಹೋಮ್ಸ್ ಕೊಡುವ ಕಾರಣ ಬುದ್ಧಿಗೆ ಒಪ್ಪಬಹುದಾದರೂ ಹೃದಯಕ್ಕೆ ಒಪ್ಪುವುದಿಲ್ಲ. ಹೊರಗಿನ ಒತ್ತಾಯದಿಂದ ಮುಕ್ತಾಯವನ್ನು ಬದಲಿಸಿದಾಗ ಪಾತ್ರಗಳ ಶೀಲಕ್ಕೇ ಊನ ತಟ್ಟುವುದುಂಟು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು ಅಮೆರಿಕದ ದೂರದರ್ಶನ ಸರಣಿ ‘ಗೇಮ್ ಆಫ್ ಥ್ರೋನ್ಸ್’. 2011ರಲ್ಲಿ ಆರಂಭವಾಗಿ 2019ರ ಮೇ ತಿಂಗಳಲ್ಲಿ ಮುಗಿದ ಈ ಸರಣಿಯ ಎಂಟನೆಯ ಭಾಗದಲ್ಲಿದ್ದುದು ಆರೇ ಕಂತುಗಳು. ದಾಸ್ಯದಲ್ಲಿದ್ದವರನ್ನು ಬಿಡಿಸಿದ ರಾಣಿಯೇ ಶರಣಾದ ನಗರವನ್ನು ಸುಡುವಳು. ಅಂಥ ಪತನ ಅಸಂಭವವಲ್ಲ. ಅಧಿಕಾರದ ಮದ ಒಳ್ಳೆಯವರನ್ನೂ ಕೆಡಿಸುತ್ತದೆ. ದೋಷವಿದ್ದುದು ಅವಸರದಲ್ಲಿ. ಹಂತಹಂತವಾಗಿ ತೋರಿಸಬೇಕಾಗಿದ್ದ ಮನಸ್ಸಿನ ಕುಸಿತವನ್ನು ಕೆಲವೇ ದೃಶ್ಯಗಳಲ್ಲಿ ಮುಗಿಸಲಾಯಿತು. ಆ ಭಾಗವನ್ನು ಬೇರೆ ಲೇಖಕರಿಂದ ಮತ್ತೆ ಮಾಡಿಸಬೇಕೆಂಬ ಮನವಿಗೆ 15 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ನಿರ್ಮಾಪಕರು ಅದನ್ನು ಪುರಸ್ಕರಿಸಲಿಲ್ಲ. ಅದು ಸರಿಯೇ, ಸಹಿಗಳ ಎಣಿಕೆಯಿಂದ ಕಥೆಯ ಗತಿಯನ್ನು ನಿರ್ಧರಿಸಲಾಗದು. ಆದರೆ ಸರಣಿಯ ಇಬ್ಬರು ಮುಖ್ಯ ಕರ್ತೃಗಳು ಆ ವರ್ಷದ ಜುಲೈನಲ್ಲಿ ಸ್ಯಾನ್ ಡಿಯಾಗೋದ ಅಭಿಮಾನಿಗಳ ಸಮಾವೇಶದಲ್ಲಿ ನಿಗದಿಯಾಗಿದ್ದ ಭೇಟಿಗೂ ಬರಲಿಲ್ಲ. ಬಗ್ಗದಿರುವುದು ಧೈರ್ಯ, ಆದರೆ ಎಂಟು ವರ್ಷ ಜೊತೆಗೆ ನಡೆದವರಿಗೆ ಎದುರಾಗದಿರುವುದನ್ನು ಧೈರ್ಯವೆನ್ನಲಾಗದು.

ಮೂರನೆಯದು ಕೆನಡಾದ ಬಯೋವೇರ್ ಸಂಸ್ಥೆಯ ‘ಮಾಸ್ ಇಫೆಕ್ಟ್’ ಎಂಬ ವಿಡಿಯೋ ಆಟ. ಇದರ ಮೂರು ಭಾಗಗಳು 2007, 2010 ಮತ್ತು 2012ರಲ್ಲಿ ಬಂದವು. ಆಡುವವನು ಒಂದು ಭಾಗದಲ್ಲಿ ಕೈಗೊಂಡ ತೀರ್ಮಾನದ ಫಲ ಮುಂದಿನ ಭಾಗದಲ್ಲಿ ಕಾಣುವುದೇ ಇದರ ವೈಶಿಷ್ಟ್ಯ. ಆದರೆ ಕಟ್ಟಕಡೆಗೆ ಎದುರಾದ ಮೂರು ಆಯ್ಕೆಗಳ ದೃಶ್ಯಗಳಲ್ಲಿ ಬಣ್ಣದ ವ್ಯತ್ಯಾಸಕ್ಕಿಂತ ಹೆಚ್ಚಿನದು ಕಾಣಲಿಲ್ಲ. ಮಾಡಿದ್ದಕ್ಕೆ ತಕ್ಕ ಫಲವುಂಟೆಂದು ನಂಬಿಸಿದ ಕಥೆಯು ಫಲವನ್ನೇ ಮರೆಸಿತು. ಆದುದರಿಂದ ಇಲ್ಲಿನ ದೂರು ಕೇವಲ ಅಭಿರುಚಿಯದಲ್ಲ, ವಚನಭಂಗದ್ದು. ಪ್ರತಿಭಟಿಸಿದವರಲ್ಲಿ ಒಂದು ಗುಂಪು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ನೆರವಾಗುವ ಸಂಸ್ಥೆಗೆ ಸುಮಾರು 80 ಸಾವಿರ ಡಾಲರ್ ಸಂಗ್ರಹಿಸಿ ತಮ್ಮ ಅಸಮಾಧಾನವನ್ನು ಪ್ರಕಟಿಸಿತು. ಅಸಮಾಧಾನಕ್ಕೂ ಇಂಥದೊಂದು ಸಂಯಮದ ಮಾರ್ಗವುಂಟೆಂಬುದು ಗಮನಾರ್ಹ.

ಬಯೋವೇರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ರೇ ಮುಜೈಕಾ ಅವರು ಬಹಿರಂಗ ಪತ್ರದಲ್ಲಿ ಆಟಗಾರರ ಅಸಮಾಧಾನಕ್ಕೆ ಓಗೊಟ್ಟರು. 2012ರ ಜೂನ್‌ನಲ್ಲಿ ವಿಸ್ತೃತ ಮುಕ್ತಾಯವೊಂದನ್ನು ಉಚಿತವಾಗಿ ಒದಗಿಸಲಾಯಿತು. ಮೂಲ ಮುಕ್ತಾಯವನ್ನು ಅಳಿಸಲಿಲ್ಲ. ಪ್ರತಿಯೊಂದು ಆಯ್ಕೆಯ ಪರಿಣಾಮವನ್ನು ವಿವರಿಸುವ ದೃಶ್ಯಗಳನ್ನು ಸೇರಿಸಿದರು. ಮೂರನ್ನೂ ನಿರಾಕರಿಸುವ ನಾಲ್ಕನೆಯ ದಾರಿಯನ್ನೂ ಇಟ್ಟರು. ಎಲ್ಲರೂ ತೃಪ್ತರಾಗಲಿಲ್ಲ. ಆದರೂ ಮೂರು ನಡೆಗಳಲ್ಲಿ ಇದೇ ಹೆಚ್ಚು ನ್ಯಾಯವಾದುದು. ತಾವು ಹೇಳಬೇಕೆಂದಿದ್ದನ್ನು ಅವರು ಬಿಟ್ಟುಕೊಡಲಿಲ್ಲ. ಹೇಳದೆ ಉಳಿಸಿದ್ದನ್ನು ಹೇಳಿದರು.

ಕಥೆಯ ಕೊನೆ ಸುಖಕರವಾಗಿರಬೇಕೆಂದು ಕೇಳುವ ಹಕ್ಕು ಪ್ರೇಕ್ಷಕನಿಗಿಲ್ಲ. ಪ್ರಿಯವಾದ ಪಾತ್ರ ಸಾಯಕೂಡದೆಂಬ ಹಟವು ಮಮಕಾರವೇ ಹೊರತು ವಿಮರ್ಶೆಯಲ್ಲ. ಆದರೆ ಆರಂಭದಲ್ಲಿ ತಾನೇ ಹುಟ್ಟಿಸಿದ ನಿರೀಕ್ಷೆಗೆ ಕಥೆಗಾರನು ಉತ್ತರಿಸಬೇಕಾಗುತ್ತದೆ. ಆಕ್ಷೇಪಣೆ ಬಂದಾಗ ಅವನು ಕೇಳಿಕೊಳ್ಳಬೇಕಾದುದು ಒಂದೇ: ಜನರಿಗೆ ಇಷ್ಟವಾಗದ್ದನ್ನು ಹೇಳಿದೆನೇ, ಇಲ್ಲವೇ ಹೇಳಬೇಕಾದುದನ್ನು ಹೇಳದೆ ಹೋದೆನೇ? ಮೊದಲನೆಯದಾದರೆ ಅವನು ನಿಂದೆಯನ್ನು ಸಹಿಸಿಕೊಳ್ಳಲಿ. ಎರಡನೆಯದಾದರೆ ತಿದ್ದಿಕೊಳ್ಳಲು ನಾಚಬೇಕಾಗಿಲ್ಲ.